ಹತ್ತು ಸಾವಿರದ ಗಿಟಾರ್: ಕಾಂಬೊ ಆಫರಾ, ಕಂಪನಿಯದಾ, ಸೆಕೆಂಡ್ ಹ್ಯಾಂಡಾ?

ಆನ್‌ಲೈನ್ ಅಂಗಡಿಯಲ್ಲಿ ‘ಅಕೌಸ್ಟಿಕ್ ಗಿಟಾರ್’ ಅಂತ ಹುಡುಕಿ ನೋಡಿ. ಮೂರು ಸಾವಿರಕ್ಕೂ ಸಿಗುತ್ತದೆ, ಮೂವತ್ತು ಸಾವಿರಕ್ಕೂ ಸಿಗುತ್ತದೆ. ಫೋಟೊದಲ್ಲಿ ಎಲ್ಲವೂ ಒಂದೇ ಥರ. ಎಲ್ಲದರ ಕೆಳಗೂ ‘ಸೂಪರ್ ಪ್ರಾಡಕ್ಟ್’ ಅಂತ ಬರೆದವರಿದ್ದಾರೆ. ಆ ಮಾತು ಬರೆದವರಲ್ಲಿ ಎಷ್ಟೋ ಜನ ಗಿಟಾರ್ ಕೈಗೆ ಬಂದ ದಿನವೇ ಬರೆದಿರುತ್ತಾರೆ. ಇನ್ನೂ ಒಂದು ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗಳ ಗುಂಪು) ಕೂಡ ಹಿಡಿಯಲು ಬರದವರ ಮೆಚ್ಚುಗೆ ಅದು. ಅದನ್ನು ನಂಬಿ ದುಡ್ಡು ಹಾಕುವುದು ಹೇಗೆ?

ಮೊದಲ ಗಿಟಾರ್ ಕೊಳ್ಳುವವರು, ಮಕ್ಕಳಿಗೆ ಕೊಡಿಸುವವರು, ಹಳೆಯ ಡಬ್ಬಾ ಗಿಟಾರ್ ಬದಲಿಸಬೇಕು ಅಂತ ಇರುವವರು ಹೆಚ್ಚಾಗಿ ಹತ್ತು ಸಾವಿರದ ಆಸುಪಾಸಿನಲ್ಲಿ ಹುಡುಕುತ್ತಾರೆ. ಅಷ್ಟು ದುಡ್ಡಿಗೆ ನಮ್ಮಲ್ಲಿ ನಾಲ್ಕು ದಾರಿಗಳಿವೆ: ಆನ್‌ಲೈನ್ ಕಾಂಬೊ (ಗಿಟಾರ್ ಜೊತೆ ಬ್ಯಾಗು, ಬೆಲ್ಟು ಎಲ್ಲ ಸೇರಿಸಿ ಮಾರುವ ಪ್ಯಾಕು), ಕೋಲ್ಕತ್ತಾ ಕಡೆಯ ದೇಸಿ ಗಿಟಾರ್, ದೊಡ್ಡ ಕಂಪನಿಯ ಶುರುವಿನ ಮಾಡೆಲ್, ಮತ್ತೆ ಸೆಕೆಂಡ್ ಹ್ಯಾಂಡ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಿಟಾರ್ ನುಡಿಸಲು ಬರುವ ಒಬ್ಬ ಗೆಳೆಯನೋ ಗೆಳತಿಯೋ ಜೊತೆಗೆ ಬರುವುದಾದರೆ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಯಾರೂ ಇಲ್ಲ ಅಂದರೆ ಕಂಪನಿಯ ಶುರುವಿನ ಮಾಡೆಲ್. ಉಳಿದೆರಡು ದಾರಿ ಪೂರ್ತಿ ಮುಚ್ಚಿಲ್ಲ, ಆದರೆ ಅಲ್ಲಿ ಎಚ್ಚರ ಜಾಸ್ತಿ ಬೇಕು.

ಯಾವುದು ನಿಜಕ್ಕೂ ಅಗ್ಗ?

ಬೆಲೆ ಚೀಟಿಯಲ್ಲಿ ಇರುವುದು ಅರ್ಧ ಲೆಕ್ಕ ಮಾತ್ರ. ಒಂದು ಅಂದಾಜು ಲೆಕ್ಕ ಹಾಕೋಣ. ಕಾಂಬೊ ಗಿಟಾರ್ 3,500 ರೂಪಾಯಿ ಅಂದುಕೊಳ್ಳಿ. ಅದರ ಜೊತೆ ಬರುವ ತಂತಿ ಸಾಮಾನ್ಯವಾಗಿ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ಒಳ್ಳೆಯ ತಂತಿಗೆ 600. ಬೆರಳು ನೋಯದ ಹಾಗೆ ಸೆಟಪ್ ಮಾಡಿಸಲು 800. ಒಟ್ಟು 4,900 ಆಯಿತು. ಎರಡು ವರ್ಷ ಬಿಟ್ಟು ಮಾರಲು ಹೋದರೆ ಸಾವಿರ ಸಿಕ್ಕರೆ ಪುಣ್ಯ. ಅಂದರೆ ಕೈಬಿಟ್ಟದ್ದು ಸುಮಾರು 3,900.

ಇನ್ನೊಂದು ಕಡೆ 9,000 ರೂಪಾಯಿಯ ಕಂಪನಿ ಗಿಟಾರ್. ಸೆಟಪ್ಪಿಗೆ 500 ಸೇರಿಸಿ. ಎರಡು ವರ್ಷ ಬಿಟ್ಟು ಚೆನ್ನಾಗಿ ಇಟ್ಟುಕೊಂಡಿದ್ದರೆ 5,500ಕ್ಕೆ ಹೋಗುತ್ತದೆ. ಕೈಬಿಟ್ಟದ್ದು 4,000. ವ್ಯತ್ಯಾಸ ನೂರು ರೂಪಾಯಿ! ನಡುವಿನ ಎರಡು ವರ್ಷ ನುಡಿಸಿದ್ದು ಮಾತ್ರ ಒಳ್ಳೆಯ ಗಿಟಾರನ್ನು. ಇನ್ನು 5,500ಕ್ಕೆ ಆ ಗಿಟಾರ್ ಕೊಂಡವರು ಅದನ್ನು ಮತ್ತೆ 4,500ಕ್ಕೆ ಮಾರಬಹುದು. ಎಲ್ಲರಿಗಿಂತ ಕಡಿಮೆ ಖರ್ಚು ಅವರದ್ದೇ. ಅಂಕಿಗಳು ಊರಿಂದ ಊರಿಗೆ ಸ್ವಲ್ಪ ಆಚೀಚೆ ಆಗುತ್ತವೆ, ಆದರೆ ಲೆಕ್ಕದ ದಾರಿ ಇದೇ.

ಸೆಟಪ್ ಅಂದೆನಲ್ಲ, ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೊಸ ಸೈಕಲ್ ತಂದ ಮೇಲೆ ಬ್ರೇಕು, ಚೈನು ಸರಿ ಮಾಡಿಸಿಕೊಳ್ಳುತ್ತೇವಲ್ಲ, ಅದೇ ಥರದ ಕೆಲಸ ಇದು. ಗಿಟಾರಿನ ಉದ್ದದ ಕತ್ತಿಗೆ ನೆಕ್ ಅಂತಲೂ, ಅದರ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆಗಳಿಗೆ ಫ್ರೆಟ್ ಅಂತಲೂ ಹೆಸರು. ತಂತಿ ಫ್ರೆಟ್ಟಿನಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದಕ್ಕೆ ‘ಆಕ್ಷನ್’ ಅನ್ನುತ್ತಾರೆ. 12ನೇ ಫ್ರೆಟ್ಟಿನ ಹತ್ತಿರ ದಪ್ಪ ತಂತಿ 2.5 ಮಿಲಿಮೀಟರ್, ತೆಳು ತಂತಿ 2 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ನುಡಿಸಲು ಹಾಯಾಗಿರುತ್ತದೆ. ಮೂರೂವರೆ ದಾಟಿದರೆ ಹೊಸಬರಿಗೆ ಹಿಂಸೆ. ಒಂದೇ ಬೆರಳನ್ನು ಅಡ್ಡಲಾಗಿ ಒತ್ತಿ ಹಿಡಿಯುವ ಬಾರ್ ಕಾರ್ಡ್ ಬರುವುದೇ ಇಲ್ಲ. ‘ನನ್ನ ಕೈಗೆ ಗಿಟಾರ್ ಒಗ್ಗಲ್ಲ’ ಅಂತ ಮೂಲೆಗೆ ಇಟ್ಟವರಲ್ಲಿ ಎಷ್ಟೋ ಜನರ ಕೈಯಲ್ಲಿ ತಪ್ಪೇ ಇರುವುದಿಲ್ಲ, ಆಕ್ಷನ್ ಮೇಲಿರುತ್ತದೆ ಅಷ್ಟೆ.

ಕಾಂಬೊ ಆಫರ್

ಗಿಟಾರ್, ಬ್ಯಾಗು, ಬೆಲ್ಟು, ಮೂರು ಪಿಕ್ಕು, ಒಂದು ಸೆಟ್ ತಂತಿ, ಕ್ಯಾಪೊ (ನೆಕ್ಕಿಗೆ ಹಾಕುವ ಕ್ಲಿಪ್ಪು), ಜೊತೆಗೆ ಆನ್‌ಲೈನ್ ಪಾಠ. 9,999 ಅಂತ ಬರೆದು ಗೀಟು ಎಳೆದು 3,499 ಅಂತ ಹಾಕಿರುತ್ತಾರೆ. ಆ 9,999ಕ್ಕೆ ಅದನ್ನು ಯಾರೂ ಯಾವತ್ತೂ ಮಾರಿರುವುದಿಲ್ಲ. ಹಾಗಾಗಿ ಶೇಕಡಾವಾರು ರಿಯಾಯಿತಿ ನೋಡಲೇಬೇಡಿ. ಜೂವಾರೆಜ್, ಕೇಡೆನ್ಸ್, ಇಂಟರ್ನ್ ಥರದ ಹೆಸರುಗಳು ಈ ಬೆಲೆಯಲ್ಲಿ ಜಾಸ್ತಿ ಕಾಣುತ್ತವೆ.

ಇವು ಹೆಚ್ಚಾಗಿ 38 ಅಥವಾ 39 ಇಂಚಿನ, ಒಂದು ಕಡೆ ಭುಜ ಕತ್ತರಿಸಿದ ಕಟ್‌ಅವೇ ಆಕಾರದ ಗಿಟಾರ್‌ಗಳು. ನೋಡಲು ಚೆಂದ. ಒಳಗಿನ ಜಾಗ ಕಡಿಮೆ, ಹಾಗಾಗಿ ಮಂದ್ರದ ತುಂಬು ದನಿ ಬರುವುದಿಲ್ಲ. ಒಂದೇ ಮಾಡೆಲ್ಲಿನ ಎರಡು ಗಿಟಾರ್ ಒಂದೇ ಥರ ಇರುತ್ತವೆ ಅನ್ನುವ ಭರವಸೆಯೂ ಇಲ್ಲ. ಅದೃಷ್ಟ ಇದ್ದರೆ ನೆಟ್ಟಗಿನ ನೆಕ್ ಬರುತ್ತದೆ.

ಕೊಳ್ಳುವುದೇ ಆದರೆ ವಿವರದಲ್ಲಿ ‘ಟ್ರಸ್ ರಾಡ್’ ಇದೆಯಾ ಅಂತ ನೋಡಿ. ನೆಕ್ಕಿನ ಒಳಗಿರುವ ಕಬ್ಬಿಣದ ಸಲಾಕೆ ಅದು. ಲೋಹದ ತಂತಿ ಆರೂ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಆ ಎಳೆತಕ್ಕೆ ನೆಕ್ ಬಾಗಿದರೆ ಸರಿ ಮಾಡಲು ಇರುವುದು ಈ ರಾಡ್ ಒಂದೇ. ಅದಿಲ್ಲದ ಲೋಹ ತಂತಿಯ ಗಿಟಾರ್ ಬೇಡ. ಮೂರು ನಾಲ್ಕು ಸಾವಿರಕ್ಕೆ ಸಿಗುವ, ಸ್ಪೀಕರಿಗೆ ಜೋಡಿಸಬಹುದಾದ ‘ಸೆಮಿ ಅಕೌಸ್ಟಿಕ್’ ಕೂಡ ಬೇಡ. ದನಿ ಹಿಡಿಯುವ ಪಿಕಪ್ಪಿಗೆ, ಬ್ಯಾಟರಿ ಡಬ್ಬಕ್ಕೆ ಹೋದ ದುಡ್ಡು ಮರದಿಂದ, ಶ್ರುತಿ ಮಾಡುವ ಕೀಗಳಿಂದ ಕಡಿತವಾಗಿರುತ್ತದೆ. ಸ್ಟೇಜ್ ಹತ್ತುವ ದಿನ ಬಂದಾಗ ಬೇರೆ ಪಿಕಪ್ ಹಾಕಿಸಬಹುದು.

ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ತಲೆ ಮತ್ತು ನೆಕ್ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯಾ ನೋಡಿ, ಸಾಗಾಟದಲ್ಲಿ ಮೊದಲು ಏಟು ಬೀಳುವುದು ಅಲ್ಲಿಗೇ. ಶ್ರುತಿ ಮಾಡಿ ಒಂದು ರಾತ್ರಿ ಬಿಡಿ. ಹೊಸ ತಂತಿ ಸ್ವಲ್ಪ ಇಳಿಯುವುದು ಸಹಜ. ಮತ್ತೆ ಮತ್ತೆ ಶ್ರುತಿ ಮಾಡಿದ ಮೇಲೂ ಗಂಟೆಗೊಮ್ಮೆ ಇಳಿಯುತ್ತಿದ್ದರೆ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಕಳಿಸಿಬಿಡಿ.

ಕೋಲ್ಕತ್ತಾದ ಗಿಟಾರ್‌ಗಳು

ಗಿವ್ಸನ್, ಹಾಬ್ನರ್, ಸಿಗ್ನೇಚರ್. ನಮ್ಮ ಊರುಗಳ ವಾದ್ಯದಂಗಡಿಗಳಲ್ಲಿ ತೂಗು ಹಾಕಿರುವುದು ಇವೇ ಜಾಸ್ತಿ. ಅಮೆರಿಕದ ಗಿಬ್ಸನ್ನಿಗೂ ಗಿವ್ಸನ್ನಿಗೂ ಸಂಬಂಧವಿಲ್ಲ, ತಲೆಯ ಮೇಲಿನ ಅಕ್ಷರ ನೋಡಿ ಮೋಸ ಹೋಗಬೇಡಿ. ಅಂದ ಮಾತ್ರಕ್ಕೆ ಇವು ಕೆಟ್ಟವು ಅಂತಲ್ಲ. ಎಷ್ಟೋ ಚರ್ಚುಗಳಲ್ಲಿ, ಕಾಲೇಜುಗಳಲ್ಲಿ, ಸಣ್ಣ ಆರ್ಕೆಸ್ಟ್ರಾಗಳಲ್ಲಿ ಕಲಿತವರ ಮೊದಲ ಗಿಟಾರ್ ಇದೇ. ಬೆಲೆ ಕಾಂಬೊಗಿಂತ ಸ್ವಲ್ಪ ಮೇಲೆ, ಕಂಪನಿಯದಕ್ಕಿಂತ ಕೆಳಗೆ. ಇಲ್ಲಿನ ನಿಯಮ ಒಂದೇ: ಕೈಯಲ್ಲಿ ಹಿಡಿದು ನೋಡದೆ ತಗೊಳ್ಳಬೇಡಿ. ಅಂಗಡಿಯಲ್ಲಿ ಅದೇ ಮಾಡೆಲ್ ನಾಲ್ಕು ಇದ್ದರೆ ನಾಲ್ಕನ್ನೂ ಇಳಿಸಲು ಹೇಳಿ. ಒಂದರ ತಂತಿ ಫ್ರೆಟ್ಟಿಗೆ ತಾಗಿ ಬಝ್ ಹೊಡೆಯುತ್ತದೆ, ಇನ್ನೊಂದು ಬೆಲ್ಲದ ಹಾಗೆ ಸಿಹಿಯಾಗಿ ನುಡಿಯುತ್ತದೆ. ಬೆಂಗಳೂರಿನ ಬಳೇಪೇಟೆಯಂಥ ಕಡೆ ಅಕ್ಕಪಕ್ಕ ವಾದ್ಯದಂಗಡಿಗಳಿರುವುದರಿಂದ ಹೀಗೆ ಆರಿಸುವುದು ಸುಲಭ. ‘ಅಣ್ಣ, ಇನ್ನೊಂದು ತೆಗೀರಿ’ ಅನ್ನಲು ಸಂಕೋಚ ಬೇಡ.

ಕಂಪನಿಯ ಶುರುವಿನ ಮಾಡೆಲ್

ಯಮಹಾ ಎಫ್280, ಎಫ್310. ಕೋರ್ಟ್ ಎಡಿ810. ಫೆಂಡರ್ ಎಫ್ಎ ಸರಣಿ. ಬೆಲೆ ತಿಂಗಳಿಗೊಮ್ಮೆ ಬದಲಾಗುತ್ತಿದ್ದರೂ ಸುಮಾರಾಗಿ ಎಂಟರಿಂದ ಹದಿಮೂರು ಸಾವಿರದ ನಡುವೆ ಓಡಾಡುತ್ತವೆ. ಎಲ್ಲವೂ ಲ್ಯಾಮಿನೇಟ್, ಅಂದರೆ ಪದರ ಪದರ ಅಂಟಿಸಿದ ಮರ. ದನಿಯಲ್ಲಿ ಬೆರಗೇನೂ ಇಲ್ಲ. ಇಲ್ಲಿ ನೀವು ದುಡ್ಡು ಕೊಡುವುದು ಇನ್ನೊಂದಕ್ಕೆ. ಡಬ್ಬಿಯಿಂದ ತೆಗೆದ ಹತ್ತರಲ್ಲಿ ಒಂಬತ್ತು ಗಿಟಾರ್ ನೆಟ್ಟಗಿರುತ್ತವೆ, ಶ್ರುತಿ ನಿಲ್ಲುತ್ತದೆ, ಫ್ರೆಟ್ಟಿನ ಅಂಚು ಬೆರಳು ಕೊರೆಯುವುದಿಲ್ಲ. ಜೊತೆಗಾರರಿಲ್ಲದೆ ಒಬ್ಬರೇ ಕೊಳ್ಳುವವರಿಗೆ ಇದೇ ದೊಡ್ಡ ಉಳಿತಾಯ.

ಇವುಗಳಲ್ಲೇ ನನಗೆ ಒಂದು ಆರಿಸು ಅಂದರೆ ಎಫ್310. ಅದರ ತಂತಿಯ ಉದ್ದ 634 ಮಿಲಿಮೀಟರ್, ಬಹುಪಾಲು ದೊಡ್ಡ ಗಿಟಾರ್‌ಗಳ ಸುಮಾರು 645-650ಕ್ಕಿಂತ ಕಡಿಮೆ. ತಂತಿಯ ಬಿಗಿ ಚೂರು ಸಡಿಲ, ಫ್ರೆಟ್‌ಗಳ ನಡುವಿನ ಅಂತರ ಚೂರು ಚಿಕ್ಕದು. ಸಣ್ಣ ಕೈಯವರಿಗೆ ಇದು ಗೊತ್ತಾಗುತ್ತದೆ. ಎಫ್310 ಮತ್ತು ಎಫ್280 ನಡುವಿನ ಬೆಲೆಯಲ್ಲಿ ಎರಡು ಸಾವಿರ ಅಂತರವಿದ್ದರೆ ಎಫ್280 ತಗೊಂಡು ಉಳಿದದ್ದನ್ನು ಸೆಟಪ್ಪಿಗೆ, ತಂತಿಗೆ ಹಾಕುವುದು ಜಾಣತನ. ಸಾವಿರದೊಳಗೆ ಅಂತರವಿದ್ದರೆ ಯೋಚನೆ ಮಾಡದೆ ಎಫ್310.

ಹತ್ತು ವರ್ಷದೊಳಗಿನ ಮಕ್ಕಳಿಗೆ, ಅಥವಾ ಬೆರಳು ತೀರಾ ನೋಯುತ್ತದೆ ಅನ್ನುವವರಿಗೆ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಇದೆ. ಯಮಹಾ ಸಿ40 ಅದರಲ್ಲಿ ಹಳೆಯ ಹೆಸರು. ಆದರೆ ನೆಕ್ ಅಗಲ, ನಟ್ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ 52 ಮಿಲಿಮೀಟರ್. ಲೋಹದ್ದರಲ್ಲಿ 43. ಚಿಕ್ಕ ಮಗುವಾದರೆ ಮುಕ್ಕಾಲು ಸೈಜಿನದ್ದನ್ನೇ ಕೇಳಿ. ಸಿನಿಮಾ ಹಾಡಿಗೆ ಸ್ಟ್ರಮ್ ಮಾಡುವ ಆಸೆ ಇದ್ದರೆ ನೈಲಾನ್ ದನಿ ಸಪ್ಪೆ ಅನ್ನಿಸುತ್ತದೆ. ಅದಕ್ಕೆ ಲೋಹದ ತಂತಿ ಕಟ್ಟಿ ನೋಡೋಣ ಅಂತ ಮಾತ್ರ ಹೋಗಬೇಡಿ, ತಂತಿಯನ್ನು ದೇಹಕ್ಕೆ ಹಿಡಿದಿಡುವ ಬ್ರಿಡ್ಜ್ ಕಿತ್ತು ಬರುತ್ತದೆ.

ಸೆಕೆಂಡ್ ಹ್ಯಾಂಡ್: ನಿಜವಾದ ಬೇಟೆ ಇಲ್ಲಿದೆ

ಗಿಟಾರ್ ಕೊಂಡವರಲ್ಲಿ ತುಂಬಾ ಜನ ಕೆಲವೇ ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಅವರ ಆರಂಭಶೂರತ್ವವೇ ನಮಗೆ ಲಾಭ. ಬೆಂಗಳೂರಿನಲ್ಲಿ ಕೆಲಸ ಬದಲಿಸಿ ಊರು ಬಿಡುವವರು, ಮಣಿಪಾಲ, ಸುರತ್ಕಲ್, ಮೈಸೂರಿನ ಕಾಲೇಜುಗಳಲ್ಲಿ ಕೊನೆಯ ವರ್ಷ ಮುಗಿಸಿ ರೂಮು ಖಾಲಿ ಮಾಡುವ ಹುಡುಗರು ಗಿಟಾರ್ ಹೊತ್ತುಕೊಂಡು ಹೋಗುವ ಬದಲು ಮಾರಿ ಹೋಗುತ್ತಾರೆ. ಮೇ, ಜೂನ್ ತಿಂಗಳಲ್ಲಿ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮೇಲೆ ಕಣ್ಣಿಡಿ.

ಇಲ್ಲಿ ಹುಡುಕಬೇಕಾದ್ದು ಎಫ್280 ಅಲ್ಲ. ಒಂದು ಮೆಟ್ಟಿಲು ಮೇಲಿನದ್ದು. ಯಮಹಾ ಎಫ್‌ಜಿ800, ಫೆಂಡರ್ ಸಿಡಿ-60ಎಸ್ ಥರದ ಸಾಲಿಡ್ ಟಾಪ್ (ಮುಂಭಾಗದಲ್ಲಿ ಪದರಗಳಿಲ್ಲದ ಮರ) ಗಿಟಾರ್‌ಗಳು. ಎಫ್‌ಜಿ ಸರಣಿ 1966ರಿಂದ ಬರುತ್ತಿದೆ, ಎಫ್‌ಜಿ800 ಬಂದಿದ್ದು 2016ರಲ್ಲಿ. ಹೊಸದಾದರೆ ನಮ್ಮ ಬಜೆಟ್ಟಿನ ಎರಡು ಪಟ್ಟಿನ ಹತ್ತಿರ. ಹಳೆಯದು ಹೊಸ ಬೆಲೆಯ ಅರ್ಧದಿಂದ ಅರವತ್ತು ಪರ್ಸೆಂಟಿನೊಳಗೆ ಸಿಕ್ಕರೆ ಒಳ್ಳೆಯ ವ್ಯಾಪಾರ. ಎಪ್ಪತ್ತು ಕೇಳಿದರೆ ‘ಸ್ವಲ್ಪ ಸೇರಿಸಿ ಹೊಸದೇ ತಗೊಳ್ತೀನಿ ಸರ್’ ಅನ್ನಿ. ಫೆಂಡರಿನಲ್ಲಿ ಒಂದು ಅಕ್ಷರ ಗಮನಿಸಿ: ಕೊನೆಯಲ್ಲಿ ‘ಎಸ್’ ಇದ್ದರೆ ಸಾಲಿಡ್ ಟಾಪ್, ಬರೀ ಸಿಡಿ-60 ಆದರೆ ಲ್ಯಾಮಿನೇಟ್. ಮಾರುವವರಿಗೇ ಇದು ಗೊತ್ತಿರುವುದಿಲ್ಲ. ಒಳಗಿನ ಲೇಬಲ್ಲಿನ ಫೋಟೊ ಕೇಳಿ.

ನೋಡಲು ಹೋಗುವಾಗ ಜೇಬಿನಲ್ಲಿ ಒಂದು ವಿಸಿಟಿಂಗ್ ಕಾರ್ಡು, ಎರಡು ಒಂದು ರೂಪಾಯಿ ನಾಣ್ಯ, ಫೋನಿನಲ್ಲಿ ಉಚಿತ ಟ್ಯೂನರ್ ಆ್ಯಪ್ ಇರಲಿ. ಮೊದಲು ಆ್ಯಪ್ ಹಿಡಿದು ಶ್ರುತಿ ಮಾಡಿ. ಶ್ರುತಿ ಇಳಿಸಿಟ್ಟ ಗಿಟಾರ್ ಹಗುರವಾಗಿ, ಬೆಣ್ಣೆಯ ಥರ ಅನ್ನಿಸುತ್ತದೆ, ನಂಬಬೇಡಿ. ಆಮೇಲೆ ಎರಡು ನಾಣ್ಯ ಒಂದರ ಮೇಲೊಂದು ಇಟ್ಟು 12ನೇ ಫ್ರೆಟ್ ಮತ್ತು ದಪ್ಪ ತಂತಿಯ ನಡುವೆ ತೂರಿಸಿ. ಎರಡೂ ಸೇರಿ ಸುಮಾರು 3 ಮಿಲಿಮೀಟರ್. ತಂತಿಗೆ ತಗುಲಿದರೆ ಆಕ್ಷನ್ ಪರವಾಗಿಲ್ಲ. ತಗುಲದೆ ಮೇಲೆ ಇನ್ನೂ ಜಾಗ ಉಳಿದರೆ ಮೇಲಿದೆ ಅಂತ ಅರ್ಥ.

ಆಕ್ಷನ್ ಮೇಲಿದ್ದ ಮಾತ್ರಕ್ಕೆ ಬಿಟ್ಟು ಬರಬೇಕಿಲ್ಲ. ಕಾರಣ ಏನು ಅನ್ನುವುದು ಮುಖ್ಯ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ನೆಕ್ ದೇಹಕ್ಕೆ ಸೇರುವ 14ನೇ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ. 7ನೇ ಫ್ರೆಟ್ಟಿನ ಹತ್ತಿರ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಇದ್ದರೆ ಸರಿ. ಜಾಸ್ತಿ ಇದ್ದರೆ ನೆಕ್ ಬಾಗಿದೆ, ಟ್ರಸ್ ರಾಡ್ ತಿರುಗಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ನೆಕ್ ನೆಟ್ಟಗಿದ್ದು ಆಕ್ಷನ್ ಮೇಲಿದ್ದರೆ ಸ್ಯಾಡಲ್ ನೋಡಿ, ಅಂದರೆ ಬ್ರಿಡ್ಜಿನ ಮೇಲಿನ ಬಿಳಿ ಪಟ್ಟಿ. ಅದು ಚೆನ್ನಾಗಿ ಎದ್ದು ಕಾಣುತ್ತಿದ್ದರೆ ಉಜ್ಜಿ ತಗ್ಗಿಸಬಹುದು. 12ನೇ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಇಳಿಸಲು ಸ್ಯಾಡಲ್ಲಿನಲ್ಲಿ ಒಂದು ಮಿಲಿಮೀಟರ್ ಉಜ್ಜಬೇಕು. ಕೆಲವು ನೂರು ರೂಪಾಯಿಯ ಕೆಲಸ, ಆದರೆ ಚೌಕಾಸಿಗೆ ಸಾವಿರದ ನೆಪ. ಸ್ಯಾಡಲ್ ಈಗಾಗಲೇ ಬ್ರಿಡ್ಜಿನ ಮಟ್ಟಕ್ಕೆ ಇಳಿದಿದ್ದು, ಆಕ್ಷನ್ ಇನ್ನೂ ಮೇಲೇ ಇದ್ದರೆ ಮಾತ್ರ ಕೈಮುಗಿದು ಹೊರಟುಬಿಡಿ. ನೆಕ್ ಬಿಚ್ಚಿ ಮತ್ತೆ ಕೂರಿಸಬೇಕು, ಅದರ ಖರ್ಚು ಗಿಟಾರಿನ ಬೆಲೆಯನ್ನೇ ನುಂಗುತ್ತದೆ.

ವಿಸಿಟಿಂಗ್ ಕಾರ್ಡಿಗೆ ಇನ್ನೊಂದು ಕೆಲಸವಿದೆ. ಬ್ರಿಡ್ಜಿನ ಹಿಂಭಾಗದ ಅಂಚಿನಲ್ಲಿ ಅದನ್ನು ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬದಿಯಿಂದ ನೋಡಿದಾಗ ಬ್ರಿಡ್ಜಿನ ಹಿಂದೆ ಹೊಟ್ಟೆ ಉಬ್ಬಿದೆಯಾ ಅಂತಲೂ ಗಮನಿಸಿ. ಚೂರು ಉಬ್ಬು ಸಹಜ, ಎದ್ದು ಕಂಡರೆ ಬೇಡ. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒಮ್ಮೆ ಮೀಟಿ ಬಝ್ ಬರುತ್ತದಾ ಕೇಳಿ, ಬೇಜಾರಾದರೂ ಪರವಾಗಿಲ್ಲ. ಕೊನೆಗೆ ಟ್ಯೂನರ್ ಮುಂದಿಟ್ಟು ತಂತಿಯನ್ನು ಬಿಟ್ಟು ಮೀಟಿ, ನಂತರ 12ನೇ ಫ್ರೆಟ್ ಒತ್ತಿ ಮೀಟಿ. ಎರಡೂ ಸಲ ಮುಳ್ಳು ನಡುವೆಯೇ ನಿಲ್ಲಬೇಕು. ತಂತಿ ಹಳೆಯದಾದರೆ ಸ್ವಲ್ಪ ತಪ್ಪುತ್ತದೆ, ಅಷ್ಟು ವಿನಾಯಿತಿ ಕೊಡಿ.

ತುಕ್ಕು ಹಿಡಿದ ತಂತಿ, ಧೂಳು, ಗೀರು ಕಂಡು ಹೆದರಬೇಡಿ. ಫ್ರೆಟ್ ಸವೆದಿಲ್ಲ ಅಂದರೆ ಅದು ಜಾಸ್ತಿ ನುಡಿಸದ ಗಿಟಾರ್, ಹಬ್ಬ ಅಂದುಕೊಳ್ಳಿ. ದುಡ್ಡಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ನೋಡುವ ಮೊದಲು ಟೋಕನ್ ಕಳಿಸಿ ಅನ್ನುವವರು, ಕೊಟ್ಟ ದುಡ್ಡು ವಾಪಸ್ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುವವರು ಗಿಟಾರ್ ಮಾರುವವರಲ್ಲ.

ಸಾಲಿಡ್ ಟಾಪ್ ಎಲ್ಲರಿಗೂ ಬೇಕಾ?

ಸಾಲಿಡ್ ಟಾಪ್ ಅಂದರೆ ಮುಂಭಾಗ ಪದರಗಳಿಲ್ಲದ ಅಸಲಿ ಮರ, ಹೆಚ್ಚಾಗಿ ಸ್ಪ್ರೂಸ್. ಅದು ಚೆನ್ನಾಗಿ ಕಂಪಿಸುತ್ತದೆ, ದನಿ ತುಂಬಿ ಬರುತ್ತದೆ. ಗುರುತಿಸಲು ನಡುವಿನ ತೂತಿನ ಅಂಚು ನೋಡಿ. ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಸಾಲಿಡ್. ಪ್ಲೈವುಡ್ಡಿನ ಥರ ಪದರ ಕಂಡರೆ ಲ್ಯಾಮಿನೇಟ್.

ಆದರೆ ನಿಮ್ಮ ಊರು ಯಾವುದು? ಸಾಲಿಡ್ ಮರ ಗಾಳಿಯ ತೇವಕ್ಕೆ ಜಾಸ್ತಿ ಅಲುಗಾಡುತ್ತದೆ. ಅದಕ್ಕೆ ಹಿತವಾದ ತೇವ 45ರಿಂದ 55 ಪರ್ಸೆಂಟ್. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಅದು ಎಷ್ಟೋ ಮೇಲಿರುತ್ತದೆ. ಮರ ಉಬ್ಬಿ ಆಕ್ಷನ್ ಏರುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಉಲ್ಟಾ, ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಗೆ ಚುಚ್ಚುತ್ತವೆ, ಕೆಲವೊಮ್ಮೆ ಬಿರುಕೂ ಬಿಡುತ್ತದೆ. ಬ್ಯಾಗಿನಲ್ಲಿಟ್ಟು ಕಾಳಜಿ ಮಾಡುವ ತಾಳ್ಮೆ ಇಲ್ಲದವರು, ಹಾಸ್ಟೆಲ್ ಗೋಡೆಗೆ ನೇತುಹಾಕುವವರು ಸುಮ್ನೆ ಲ್ಯಾಮಿನೇಟ್ ತಗೊಳ್ಳಿ. ಅದೇನೂ ಕೀಳಲ್ಲ. ಬೆಂಗಳೂರು, ಮೈಸೂರಿನವರಿಗೆ ಈ ತಲೆನೋವು ಕಡಿಮೆ.

ಮರದ ಮಾತು ಬಂತು ಅಂತ ಇನ್ನೊಂದು. ಅಗ್ಗದ ಗಿಟಾರ್‌ಗಳ ವಿವರದಲ್ಲಿ ‘ರೋಸ್‌ವುಡ್’ ಅಂತ ಧಾರಾಳವಾಗಿ ಬರೆಯುತ್ತಾರೆ. ಅದು ನಮ್ಮ ಮಲೆನಾಡಿನ ಬೀಟೆ. ಬ್ರೆಜಿಲ್ಲಿನ ಮರ ಸಿಗುವುದು ಕಷ್ಟವಾದಾಗ, 1969ರ ಹೊತ್ತಿಗೆ, ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿತು. ಅಷ್ಟು ಬೆಲೆಬಾಳುವ ಮರ 3,500 ರೂಪಾಯಿಯ ಕಾಂಬೊಗೆ ಬರುತ್ತದಾ? ಬೇರೆ ಮರಕ್ಕೆ ಕಪ್ಪು ಬಣ್ಣ ಬಳಿದಿರುವ ಸಾಧ್ಯತೆಯೇ ಜಾಸ್ತಿ. ಬಾಳಿಕೆಗೆ ತೊಂದರೆಯೇನಿಲ್ಲ, ಆ ಹೆಸರಿಗೆ ಅಂತ ಹೆಚ್ಚು ದುಡ್ಡು ಕೊಡಬೇಡಿ.

ಅಂಗಡಿಯಲ್ಲಿ, ಸೇಲಿನಲ್ಲಿ, ವಿದೇಶದಿಂದ

ದಸರಾ, ದೀಪಾವಳಿ ಸೇಲಿನಲ್ಲಿ ಕಂಪನಿ ಗಿಟಾರ್‌ಗಳ ಬೆಲೆ ಸಾವಿರ, ಒಂದೂವರೆ ಸಾವಿರ ಇಳಿಯುವುದುಂಟು. ಬೇಕಾದ ಮಾಡೆಲ್ಲಿನ ಬೆಲೆಯನ್ನು ಒಂದು ತಿಂಗಳು ಮೊದಲಿನಿಂದ ಬರೆದಿಟ್ಟುಕೊಂಡರೆ ಅಸಲಿ ಇಳಿಕೆ ಯಾವುದು, ನಾಟಕ ಯಾವುದು ತಿಳಿಯುತ್ತದೆ. ಅಂಗಡಿಯವರು ಆ ಬೆಲೆಗೆ ಬರುವುದು ಕಷ್ಟ. ಬೆಲೆಗೆ ಜಗ್ಗಾಡುವ ಬದಲು ‘ಸೆಟಪ್ ಮಾಡಿಕೊಡಿ, ಒಳ್ಳೆ ತಂತಿ ಹಾಕಿಕೊಡಿ, ಬ್ಯಾಗು ಸೇರಿಸಿ’ ಅನ್ನಿ. ಅದಕ್ಕೆ ಬೇಗ ಒಪ್ಪುತ್ತಾರೆ, ನಿಮಗೂ ಅದೇ ಬೇಕಾದ್ದು. ತಂತಿ ಕೇಳುವಾಗ 11 ಗೇಜ್ ಅಥವಾ 10 ಗೇಜ್ ಅನ್ನಿ (ಗೇಜ್ ಅಂದರೆ ತಂತಿಯ ದಪ್ಪ). ದೊಡ್ಡ ಗಿಟಾರ್‌ಗಳಿಗೆ ಸಾಮಾನ್ಯವಾಗಿ ಬರುವ 12ಕ್ಕಿಂತ ಬೆರಳಿಗೆ ಮೆತ್ತಗಿರುತ್ತದೆ.

ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಬರುವಾಗ ತರಿಸಿದರೆ ಹೇಗೆ ಅಂತ ಕೇಳುವವರೂ ಇದ್ದಾರೆ. ಎಫ್‌ಜಿ800 ಅಲ್ಲಿ ಮೊದಲು 200 ಡಾಲರಿನ ಆಸುಪಾಸು ಇತ್ತು. ಕೇಳಲು ಚೆನ್ನಾಗಿದೆ. ಅದರ ಮೇಲೆ ಅಲ್ಲಿನ ತೆರಿಗೆ, ಗಟ್ಟಿ ಕೇಸಿನ ಖರ್ಚು, ವಿಮಾನದಲ್ಲಿ ಒಂದು ಬ್ಯಾಗಿನ ಜಾಗ ಸೇರಿಸಿ. ಇಲ್ಲಿ ಏನಾದರೂ ಆದರೆ ವಾರಂಟಿಗೆ ಓಡಾಡುವುದು ಕಷ್ಟ. ಈ ಬೆಲೆಯ ಗಿಟಾರ್‌ಗೆ ಅಷ್ಟು ತಾಪತ್ರಯ ಬೇಡ. ಇಲ್ಲಿ ಸಿಗದ ಮಾಡೆಲ್ಲಾದರೆ, ಇಲ್ಲಿನ ಬೆಲೆಗೂ ಅಲ್ಲಿನ ಬೆಲೆಗೂ ಇಪ್ಪತ್ತು ಸಾವಿರದ ಮೇಲೆ ಅಂತರವಿದ್ದರೆ ಯೋಚಿಸಬಹುದು. ಆಗಲೂ ಅವರಿಗೆ ಎರಡು ಮಾತು ಹೇಳಿ: ಹೊರಡುವ ಮೊದಲು ತಂತಿ ಸಡಿಲ ಮಾಡಲಿ, ಬಿಲ್ ಕೈಚೀಲದಲ್ಲೇ ಇಟ್ಟುಕೊಳ್ಳಲಿ.